ಕಮಲಾಕ್ಷ ಓದಿದ ಕಾಗದ

ಶುಕ್ರವಾರ ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕಮಲಾಕ್ಷ ಬಾಗಿಲ ಕಿಂಡಿಯಲ್ಲಿ ನೋಡಿದ. ಮೂವರು ಪೊಲೀಸರು. ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಆ ಕಟ್ಟಡದಲ್ಲಿ ಯಾರೋ ಕಳ್ಳಭಟ್ಟಿ ಮಾರುತ್ತಾರೆಂದು ತಿಂಗಳಿಂದ ಅವರ ಓಡಾಟವಿತ್ತು.

“ಕಾಗದ ಉಂಟಾ ಕೇಳಿ,” ಹಿಂದಿನಿಂದ ಹೆಂಡತಿ ಕುಸುಮಾವತಿ ಪಿಸುಗುಟ್ಟಿದಳು. “ಮೊನ್ನೆ ಅಕ್ಷಯ್ ಕೇಳಿದ್ದಕ್ಕೆ ಸುಮ್ಮನೆ ಹಿಂದೆ ಹೋದ್ರಲ್ಲ.”

ಆ ಹೆಸರು ಕಿವಿಗೆ ಬಿದ್ದದ್ದೇ ಕಮಲಾಕ್ಷನ ಮೈ ಉರಿಯಿತು. ಹದಿನಾರು ವರ್ಷದಿಂದ, ಯಾರ ವಾಸದ ಪರವಾನಗಿ ಇಕಾಮಾಕ್ಕೆ ತೊಡಕಾದರೂ, ಯಾರ ವೀಸಾದ ಧಣಿ ಕಫೀಲ್ ತಕರಾರು ತೆಗೆದರೂ, ಊರವರು ಹುಡುಕಿಕೊಂಡು ಬರುತ್ತಿದ್ದುದು ಅರಬಿ ಬಲ್ಲ ಕಮಲಾಕ್ಷನನ್ನು. ಅಕ್ಷಯ್ ಮೇಲಿನ ಮಹಡಿಗೆ ಬಂದು ವರ್ಷವೂ ಆಗಿರಲಿಲ್ಲ. ಯಾವುದೋ ವಕೀಲರ ಆಫೀಸಿನಲ್ಲಿ ಗುಮಾಸ್ತ. ಮನೆಯವರ ಒಪ್ಪಿಗೆಯೋ ಕಾನೂನಿನ ಆದೇಶದ ಕಾಗದವೋ ಇಲ್ಲದೆ ಒಳಗೆ ಬರುವಂತಿಲ್ಲ, ನಿಮ್ಮ ಸಂವಿಧಾನವೇ ಹಾಗೆನ್ನುತ್ತದೆ ಎಂದು ಮೊನ್ನೆ ಹರಕುಮುರುಕು ಅರಬಿಯಲ್ಲಿ ಪೊಲೀಸರಿಗೆ ಹೇಳಿಬಿಟ್ಟಿದ್ದ. ಅಂದಿನಿಂದ ಎಲ್ಲರ ಬಾಯಲ್ಲೂ ಅವನೇ. ಕುಸುಮಾವತಿಯಂತೂ ಕೋರಿರೊಟ್ಟಿ ಮಾಡಿ ಕಳಿಸಿದ್ದಳು.

“ಅವನ ಪಾಠ ನನಗೆ ಬೇಡ,” ಎಂದವನೇ ಕಮಲಾಕ್ಷ ಬಾಗಿಲು ತೆರೆದ. ಬನ್ನಿ, ಧಾರಾಳವಾಗಿ ನೋಡಿ ಎಂದು ತನ್ನ ಸೊಗಸಾದ ಅರಬಿಯಲ್ಲಿ ಕರೆದ. ಮರ್ಯಾದೆ ಕೊಟ್ಟರೆ ಮರ್ಯಾದೆ ಸಿಗುತ್ತದೆ ಎಂದು ಅವನು ನಂಬಿದ್ದ.

ಅವರು ಬೂಟುಗಾಲಲ್ಲೇ ಬಂದರು. ಕಪಾಟಿನ ಸೀರೆಗಳೆಲ್ಲ ನೆಲಕ್ಕೆ ಬಿದ್ದವು. ಅಕ್ಕಿ ಡಬ್ಬಿಯೊಳಗೂ ಕೈ ಹೋಯಿತು. ಏನೂ ಸಿಗದಾಗ ಒಬ್ಬ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಬಗಲಿಗೆ ಸೇರಿಸಿದ. ಮಗಳು ಅಕ್ಷಿತಾ ಹುಟ್ಟಿದಂದಿನಿಂದ ತೆಗೆದ ಅಷ್ಟೂ ಫೋಟೋ ಇದ್ದುದು ಅದರಲ್ಲೇ. ಅದು ಯಾಕೆ ಎಂದು ಕಮಲಾಕ್ಷ ಬೇಡಿಕೊಂಡ. “ಖಲಾಸ್” ಎಂದಷ್ಟೇ ಹೇಳಿ ಅವರು ಇಳಿದುಹೋದರು.

ಸದ್ದು ಕೇಳಿ ಅಕ್ಷಯ್ ಓಡಿಬಂದ. ಪೊಲೀಸರ ಬಗಲಲ್ಲಿದ್ದ ಲ್ಯಾಪ್‌ಟಾಪ್ ಅವನ ಕಣ್ಣಿಗೆ ಬಿದ್ದಿತ್ತು.

“ಕಮಲಾಕ್ಷಣ್ಣ, ಕಾಗದ ತೋರಿಸಿದ್ರಾ? ಇಲ್ಲದಿದ್ರೆ ಶುಕ್ರ, ಶನಿ ರಜೆ ಕಳೆದು ನಾಡಿದ್ದು ಆಫೀಸು ತೆರೆದ ಕೂಡ್ಲೇ ದೂರು ಕೊಡುವ. ನಮ್ಮ ವಕೀಲರು ವಾಪಸ್ ತರಿಸ್ತಾರೆ.”

ವಾಪಸ್ ಬಂದರೆ ಅದನ್ನೂ ಇವನೇ ತಂದುಕೊಟ್ಟ ಹಾಗಾಗುತ್ತದೆ. ಇಡೀ ಕಟ್ಟಡ ಅದನ್ನೇ ಆಡಿಕೊಳ್ಳುತ್ತದೆ.

“ತೋರಿಸಿದ್ರು ಮಾರಾಯ. ಸಹಿ, ಮೊಹರು ಎಲ್ಲ ಇತ್ತು. ನಾನೇ ಓದಿದೆ.”

“ಹಾಗಾದ್ರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ,” ಎಂದು ಅಕ್ಷಯ್ ಪೆಚ್ಚಾಗಿ ಮೆಟ್ಟಿಲೇರಿದ. ಅವನ ಬಾಯಿ ಕಟ್ಟಿದ್ದನ್ನು ಕಂಡು, ಎಷ್ಟೋ ದಿನದ ಮೇಲೆ ಕಮಲಾಕ್ಷನ ಹೊಟ್ಟೆ ತಣ್ಣಗಾಯಿತು.

ಬಾಗಿಲು ಹಾಕಿ ತಿರುಗಿದ. ಮಡಚುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು ಕುಸುಮಾವತಿ ನೆಲದ ಮೇಲೆ ಕುಳಿತು ಅವನನ್ನೇ ನೋಡುತ್ತಿದ್ದಳು.

“ಎಂತ ಬರೆದಿತ್ತು ಅದರಲ್ಲಿ?” ಎಂದು ಕೇಳಿದಳು.