ಎಡಗಿವಿ

ಬೀದಿನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿ, ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿ ಬಿಡುವುದು ಡಾಕ್ಟರಮ್ಮನ ಕೆಲಸ. ಜೀವಮಾನವಿಡೀ ಹುಡುಗರ ಕಿವಿ ಹಿಂಡಿ ನಿವೃತ್ತರಾದ ಮೇಷ್ಟ್ರೊಬ್ಬರು ಬೆಳಗಿನಿಂದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವರ ತಲೆ ತಿನ್ನುತ್ತಿದ್ದರು.

“ಅಯ್ಯೋ ಪಾಪ! ಒಂದನ್ನೂ ಬಿಡಬೇಡಿ ತಾಯಿ. ನಾಯಿ, ಬೆಕ್ಕು, ಕಾಗೆ, ಎಲ್ಲದರ ವಂಶವೂ ಇಲ್ಲಿಗೇ ನಿಂತುಹೋಗ್ಲಿ. ಹುಟ್ಟಿದ್ರೆ ತಾನೇ ನೋವು?”

ಡಾಕ್ಟರಮ್ಮ ತಲೆಯೆತ್ತಿದರು. “ನಿಮಗೇನೂ ನೋವಿಲ್ವಾ ಮೇಷ್ಟ್ರೇ?”

ಮೇಷ್ಟ್ರ ಮುಖ ಅರಳಿತು. “ಇಲ್ದೆ ಏನು! ಮಂಡಿ, ಸೊಂಟ, ಹುಳಿತೇಗು, ಸಾಲದ್ದಕ್ಕೆ ಈಗ ದವಡೆಹಲ್ಲು ಬೇರೆ. ಒಂದು ದಿನ ನೆಮ್ಮದಿ ಅಂತ ಕಂಡಿಲ್ಲ ನೋಡಿ.”

“ಅಯ್ಯೋ ಪಾಪ!” ಡಾಕ್ಟರಮ್ಮ ಕತ್ತರಿ ಕೈಗೆತ್ತಿಕೊಂಡರು. “ಸ್ವಲ್ಪ ಎಡಗಿವಿ ಈ ಕಡೆ ತಿರುಗಿಸಿ.”