ಚೆಂಡುಹೂವಿನ ಪರಿಹಾರ

"ನಾ ಹೂವು ಬೆಳದೇ ಇಲ್ರಿ ಮೇಡಂ," ಎಂದು ಶಾಂತಕುಮಾರ ಮೂರನೇ ಸಲ ಹೇಳಿದಾಗ, ಸುರಪುರದ ತೋಟಗಾರಿಕೆ ಕಚೇರಿಯ ಪರಿಮಳಾ ಕಂಪ್ಯೂಟರನ್ನೇ ಅವನತ್ತ ತಿರುಗಿಸಿದಳು.

"ಮತ್ತ ಇದೇನ್ರಿ ಸರ? ಸರ್ವೆ ನಂಬರ್ ನಿಮ್ದೇ ಅದ."

ಶಹಾಪುರದಲ್ಲಿ ಹೈಸ್ಕೂಲ್ ಮಾಸ್ತರನಾದ ಅವನ ಖಾತೆಗೆ ಹಿಂದಿನ ದಿನ ಇಪ್ಪತ್ತೈದು ಸಾವಿರ ಬಿದ್ದಿತ್ತು. ಲಾಕ್‌ಡೌನಿನಲ್ಲಿ ಹೂವು ಮಾರಲಾಗದೆ ಕೈಸುಟ್ಟುಕೊಂಡ ರೈತರಿಗೆ ಸರಕಾರ ಕೊಟ್ಟ ಪರಿಹಾರ. ಎಲ್ಲೋ ತಪ್ಪಾಗಿದೆ, ನಾಳೆ ನೋಟಿಸು ಬಂದೀತು ಎಂದು ಹೆದರಿ ಓಡಿ ಬಂದಿದ್ದ. ಪರದೆಯ ಮೇಲೆ ಬೆಳೆ ಸಮೀಕ್ಷೆಯ ಫೋಟೊ: ಹುಣಸಗಿ ಹತ್ತಿರದ ಅವನ ಎರಡೂವರೆ ಎಕರೆ ಹೊಲ, ಸೊಂಟದೆತ್ತರ ಚೆಂಡುಹೂವು. ನಡುವೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತವನು ಅಮಾತೆಪ್ಪ. ಮೂರು ವರ್ಷದಿಂದ ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ಆ ಹೊಲವನ್ನು ಲಾವಣಿಗೆ ಮಾಡುತ್ತಿದ್ದವನು ಅವನೇ. ಏನು ಬಿತ್ತಿದ್ದೀ ಎಂದು ಶಾಂತಕುಮಾರ ಒಮ್ಮೆಯೂ ಕೇಳಿರಲಿಲ್ಲ.

"ಹಂಗಾದ್ರ ಇದು ಅವನ ರೊಕ್ಕ ಅಲ್ರೀ?"

"ಪಹಣಿ ಯಾರ ಹೆಸರಿಲೆ ಅದನೋ ಅವರಿಗೇ ಬರ್ತದ. ಸುಮ್ನ ಇಟ್ಕೋರಿ."

ಸುಮ್ಮನೆ ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹಾಗೆಂದು ಪೂರ್ತಿ ಬಿಟ್ಟುಕೊಡಲೂ ಒಪ್ಪಲಿಲ್ಲ. ಹೊಲವಂತೂ ನನ್ನದೇ ತಾನೆ ಎಂದುಕೊಂಡು ಎಟಿಎಮ್ಮಿನಲ್ಲಿ ಹತ್ತು ಸಾವಿರ ತೆಗೆದು ಜೇಬಿಗಿಟ್ಟು ಹುಣಸಗಿ ಬಸ್ಸು ಹತ್ತಿದ. ಹತ್ತು ಸಾವಿರ ಕಂಡರೆ ಅಮಾತೆಪ್ಪ ಎಷ್ಟು ಹಿಗ್ಗಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದ.

ಹೊಲದಲ್ಲಿ ಚೆಂಡುಹೂವಿನ ಗುರುತೂ ಇರಲಿಲ್ಲ. ಗೇಣುದ್ದ ಹತ್ತಿ ಗಿಡಗಳ ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ ಸಾಗುತ್ತಿತ್ತು. ಹಿಂದೆ ಅದನ್ನು ಅದುಮಿ ಹಿಡಿದವನು ಅಮಾತೆಪ್ಪ. ಮುಂದೆ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು, ನೆಲಕ್ಕೆ ಬಾಗಿ ಎಳೆಯುತ್ತಿದ್ದವಳು ಅವನ ಹೆಂಡತಿ ಗೊಲ್ಲಾಳಮ್ಮ.

ಶಾಂತಕುಮಾರ ಬದುವಿನಲ್ಲೇ ನಿಂತುಬಿಟ್ಟ.

"ಬರ್ರಿ ಮಾಸ್ತರ, ನೆಳ್ಳಿಗೆ ಕುಂದರ್ರಿ," ಎಂದು ಅಮಾತೆಪ್ಪ ಕೂಗಿದ.

"ಎತ್ತು ಎಲ್ಲಿ ಹೋದ್ವೋ?"

"ಮಾರಿದ್ವಿರಿ. ಹೂವು ಒಯ್ಯಾಕ ಗಾಡಿ ಬರ್ಲಿಲ್ಲ, ಗಿಡದಾಗ ಕೊಳತು ಹೋತು. ನಿಮ್ಮ ಲಾವಣಿ ಕೊಡೂದಿತ್ತಲ್ರಿ."

ಮೇ ತಿಂಗಳಲ್ಲಿ ಲಾವಣಿಯ ಹಣ ಪೈಸೆ ಬಾಕಿಯಿಲ್ಲದೆ ಬಂದಿತ್ತು. ಊರೆಲ್ಲ ಬಂದಾಗಿದ್ದಾಗ ಇವನಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಶಾಂತಕುಮಾರನಿಗೆ ಹೊಳೆದಿರಲಿಲ್ಲ. ಆ ಹಣದಲ್ಲಿ ಮನೆಗೆ ಹೊಸ ಫ್ರಿಜ್ ಬಂದಿತ್ತು.

ಜೇಬಿನಿಂದ ನೋಟುಗಳನ್ನು ತೆಗೆದ. ಹತ್ತು ಸಾವಿರ ಎಂದರೆ ಎಷ್ಟು ಸಣ್ಣದು ಎಂದು ಆಗ ಕಂಡಿತು. "ಅಮಾತೆಪ್ಪ, ಇದನ್ನ ಹಿಡಿ. ಇನ್ನ ಹದಿನೈದು ಸಾವಿರ ಅದ, ನಾಳಿಗೇ ತಂದು ಕೊಡ್ತೀನಿ."

ಅಮಾತೆಪ್ಪ ನೋಟು ಮುಟ್ಟಲಿಲ್ಲ. ಹೆಂಡತಿಯ ಮುಖ ನೋಡಿದ. ಗೊಲ್ಲಾಳಮ್ಮ ಹೆಗಲಿನ ಹಗ್ಗವನ್ನು ಇಳಿಸದೆ, ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕ್ರಿ ಯಪ್ಪಾ," ಎಂದಳು, "ರೊಕ್ಕ ತಿರುಗಿ ಕೊಡಾಕತ್ತೀರಿ, ಹೊಲ ಬ್ಯಾರೇದವರಿಗೆ ಕೊಟ್ಟುಬಿಟ್ರೇನ್ರಿ?"