ನೋವು ನಿಂತ ಮಧ್ಯಾಹ್ನ

ಮಗಳ ನೆತ್ತಿಗೆ ಹಚ್ಚಲು ಹರಳೆಣ್ಣೆಯ ಶೀಸೆ ತೆರೆದರೆ ಈಗಲೂ ನನ್ನ ಹೊಟ್ಟೆಯ ಬಲಗಡೆ ಬಿಗಿದುಕೊಳ್ಳುತ್ತದೆ.

ಚಿಕ್ಕಂದಿನಲ್ಲಿ ಒಮ್ಮೆ, ಗುಬ್ಬಿ ಪಟ್ಟಣದ ನಮ್ಮ ಮನೆಯಲ್ಲಿ ಹಿಂದಿನ ದಿನದಿಂದ ನಾನು ಹೊಟ್ಟೆನೋವಿಗೆ ಮುದುಡಿ ಮಲಗಿದ್ದೆ. ಡಾಕ್ಟರ ಹತ್ತಿರ ಹೋಗೋಣವೆಂದು ಅಪ್ಪ ಬೈಕಿನ ಕೀ ಹಿಡಿದು ನಿಂತಿದ್ದ.

"ಹೊಟ್ಟೆ ಕಟ್ಕೊಂಡೈತೆ, ಅಷ್ಟೇ. ಚಿಕ್ಕೋನಿದ್ದಾಗ ನಿಂಗೂ ಹಿಂಗೇ ಆಗಿತ್ತು ಬುಡು. ಇದ್ಕೆಲ್ಲ ಆಸ್ಪತ್ರೆ ಯಾಕ್ಲಾ?" ಎಂದು ಅಪ್ಪನನ್ನು ತಡೆದ ಅಜ್ಜಿ, ತಾನೇ ಕಾಯಿಸಿ ಇಟ್ಟಿದ್ದ ಹರಳೆಣ್ಣೆಯನ್ನು ಬಿಸಿ ಕಾಫಿಗೆ ಬೆರೆಸಿ, ನನ್ನ ಮೂಗು ಹಿಡಿದು ಕುಡಿಸಿದಳು. ಇನ್ನಷ್ಟು ಎಣ್ಣೆಯನ್ನು ಹೊಕ್ಕಳ ಸುತ್ತ ನೀವಿದಳು. ಪೊರಕೆಗೆಂದು ತೆಂಗಿನ ಗರಿ ಸೀಳಿ ಸೀಳಿ ಅವಳ ಅಂಗೈ ಒರಟಾಗಿತ್ತು. ಆ ಒರಟೇ ನನಗೆ ಹಿತವಾಗಿತ್ತು.

ಮಧ್ಯಾಹ್ನ ನೋವು ಏಕಾಏಕಿ ನಿಂತಿತು. ನಾನು ಎದ್ದು ಕೂತು ನಕ್ಕೆ. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಕೀಯನ್ನು ಮತ್ತೆ ಮೊಳೆಗೆ ನೇತುಹಾಕಿದ.

ಮರುದಿನ ಬೆಳಿಗ್ಗೆ ಜ್ವರದಲ್ಲಿ ಸುಡುತ್ತಿದ್ದ ನನ್ನನ್ನು ತುಮಕೂರಿನ ಆಸ್ಪತ್ರೆಗೆ ಹೊತ್ತೊಯ್ದರು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು.

"ನೋವು ಮಧ್ಯೆ ಇದ್ದಕ್ಕಿದ್ದ ಹಾಗೆ ನಿಂತಿತ್ತಾ?" ಎಂದು ಕೇಳಿದರು ಡಾಕ್ಟರಮ್ಮ.

"ಹೂಂ ಕಣವ್ವ, ನಿನ್ನೆ ಮಧ್ಯಾಹ್ನನೇ ನಿಂತೋಯ್ತು. ನಾನೇ ಹರಳೆಣ್ಣೆ ಕುಡಿಸ್ದೆ," ಎಂದಳು ಅಜ್ಜಿ, ಹೆಮ್ಮೆಯಿಂದ.

"ಅಪೆಂಡಿಕ್ಸ್ ಒಡೆದಾಗ ನೋವು ಹಾಗೆ ನಿಲ್ಲುತ್ತೆ ಅಜ್ಜಿ. ಈಗ ಕೀವು ಹೊಟ್ಟೆಯೆಲ್ಲ ಹರಡಿದೆ. ಆಪರೇಷನ್ ಮಾಡ್ತೀವಿ. ಆದ್ರೆ ಗಾಯ ಬೇಗ ಮಾಯೋದಿಲ್ಲ, ಒಳಗೆ ಮತ್ತೆ ಕೀವು ಕಟ್ಟಬಹುದು."

ಅಜ್ಜಿ ನನ್ನ ಕಾಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ಕೈಯಲ್ಲಿ ಎಣ್ಣೆಯೇನೂ ಇರಲಿಲ್ಲ.